ಗದ್ದೆ ಕೆಲಸವೂ ಆಗಬೇಕು, ಬಂದವರನ್ನೂ ನೋಡಬೇಕು: ಉಮೇದು ಉಳಿಯುವುದು ಹೇಗೆ?

ಶ್ರೀರಂಗಪಟ್ಟಣ, ಪಾಂಡವಪುರ, ಮದ್ದೂರು ಕಡೆ ತೋಟದಲ್ಲೇ ಕೃಷಿ ಪ್ರವಾಸ ಶುರು ಮಾಡಿದವರು ಎರಡನೇ ವರ್ಷದ ಹೊತ್ತಿಗೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಬೆಳಗ್ಗೆ ದನ, ಗದ್ದೆ. ಹಗಲೆಲ್ಲ ಬಂದವರ ಉಪಚಾರ. ರಾತ್ರಿ ಮೋಟ್ರು. ಮೊದಲಿದ್ದ ಉಮೇದು ಈಗಿಲ್ಲ, ಏನು ಮಾಡೋದು?"

ಉಮೇದಿನ ಮಾತು ಆಮೇಲೆ ಆಡೋಣ, ಮೊದಲು ಗಂಟೆಗಳ ಲೆಕ್ಕ ಹಾಕಿ ಎಂಬುದು ನನ್ನ ಉತ್ತರ. ಈ ಕೆಲಸದಲ್ಲಿ ಮೊದಲು ಕೈತಪ್ಪುವುದು ನಿದ್ದೆ, ಅದರ ಹಿಂದೆ ಹೊಲದ ಕೆಲಸ. ಆಸಕ್ತಿ ಹೋಗುವುದು ಕೊನೆಗೆ. ಹಿಂದಕ್ಕೆ ತರುವಾಗಲೂ ಅದೇ ಸಾಲು ಹಿಡಿಯಬೇಕು.

ದನ ಕಟ್ಟಿದ ಮನೆಗೆ ಬೆಳಗಿನ 5ರಿಂದ 9, ಸಂಜೆ 4ರಿಂದ 8 ಬಹಳ ಮುಖ್ಯವಾದ ಹೊತ್ತು. ಹಾಲು ಕರೆಯುವುದು, ಡೇರಿಗೆ ಹಾಕುವುದು, ಮೇವು ಕೊಯ್ಯುವುದು, ಬಿಸಿಲೇರುವ ಮುಂಚೆ ಔಷಧಿ ಹೊಡೆಯುವುದು ಎಲ್ಲ ಅದರೊಳಗೇ ಮುಗಿಯಬೇಕು. ಉಳಿದುಕೊಂಡವರಿಗೆ ಕಾಫಿ, ತಿಂಡಿ, ತೋಟದ ಸುತ್ತಾಟ ಬೇಕಾಗುವುದೂ ಆಗಲೇ. ಎರಡೂ ಒಂದೇ ಹೊತ್ತಿಗೆ ಬಿದ್ದಾಗ ಸೋಲುವುದು ಯಾವಾಗಲೂ ದನ ಮತ್ತು ಗದ್ದೆ, ಏಕೆಂದರೆ ಅವು ಬಾಯಿ ಬಿಟ್ಟು ಕೇಳುವುದಿಲ್ಲ. ಆದ್ದರಿಂದ ಹೊತ್ತನ್ನು ಬೇರ್ಪಡಿಸಿ. ದಿನದ ಮಟ್ಟಿಗೆ ಬರುವವರಿಗೆ ಗೇಟು ತೆರೆಯುವುದು ಹತ್ತೂವರೆಗೆ. ಉಳಿಯುವವರಿಗೆ ಕಾಫಿ, ಬಿಸಿನೀರನ್ನು ಆರೂವರೆಗೆ ಜಗಲಿಯಲ್ಲಿ ಫ್ಲಾಸ್ಕಿನಲ್ಲಿಟ್ಟುಬಿಡಿ, ತಿಂಡಿ 9ಕ್ಕೆ. 11ರಿಂದ 3ರವರೆಗೆ ಅವರನ್ನು ಹೊರಗೆ ಕಳಿಸುವ ಅನುಕೂಲ ನಮ್ಮ ಸೀಮೆಗಿದೆ: ರಂಗನತಿಟ್ಟು, ಸೋಮನಾಥಪುರ, ಮೇಲುಕೋಟೆ, ಹಕ್ಕಿಗಳು ಗೂಡು ಕಟ್ಟುವ ಕಾಲಕ್ಕೆ ಬಂದರೆ ಕೊಕ್ಕರೆ ಬೆಳ್ಳೂರು. ಆ ನಾಲ್ಕು ಗಂಟೆ ಮನೆಯಲ್ಲಿ ಒಬ್ಬರಾದರೂ ಮಲಗಿ ಏಳಬಹುದು.

ಹಾಲು ಕರೆಯುವುದನ್ನು ನೋಡುವ ಆಸೆ ಮಕ್ಕಳಿಗೆ ಇದ್ದೇ ಇರುತ್ತದೆ. ಸಾಧುವಾದ ಒಂದೇ ಹಸುವನ್ನು ಅದಕ್ಕೆ ಗೊತ್ತು ಮಾಡಿ, ಅದನ್ನು ಕೊನೆಯಲ್ಲಿ ಕರೆಯಿರಿ. ಹೊಸ ಮುಖ, ಗಲಾಟೆ, ಫೋನಿನ ಫ್ಲ್ಯಾಶ್ ಕಂಡರೆ ಹಸು ಬೆದರುತ್ತದೆ. ಬೆದರಿದ ಹಸು ಸೊರೆ ಬಿಡುವುದಿಲ್ಲ, ಕೆಚ್ಚಲಲ್ಲಿ ಹಾಲು ಉಳಿಯುತ್ತದೆ, ಅದು ಪದೇ ಪದೇ ಆದರೆ ಕೆಚ್ಚಲು ಬಾವು ಬರಲು ದಾರಿ. ಕೊಟ್ಟಿಗೆಯ ಉಳಿದ ಹಸುಗಳ ಹತ್ತಿರ ಯಾರನ್ನೂ ಬಿಡಬೇಡಿ.

ಇನ್ನು ರಾತ್ರಿ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಸಿಗುವುದು ದಿನಕ್ಕೆ 7 ಗಂಟೆ ಎಂಬ ಲೆಕ್ಕ, ಅದೂ ಸರದಿಯ ಮೇಲೆ. ರಾತ್ರಿ ಪಾಳಿ ಬಂದ ವಾರವೇ ಶನಿವಾರ, ಭಾನುವಾರ ಜನ ತುಂಬಿದ್ದರೆ ಎರಡು ಗಂಟೆಗೆ ಎದ್ದು ಮೋಟ್ರು ಹಾಕಿ ಬಂದವರೇ ಹತ್ತೂವರೆಗೆ ನಗುತ್ತಾ ಗೇಟಿನಲ್ಲಿ ನಿಲ್ಲಬೇಕು. ಇದು ಮನೋಬಲದಿಂದ ದಾಟುವ ಕಷ್ಟವಲ್ಲ. ಕರೆಂಟ್ ಬಂದಾಗ ಮೋಟ್ರನ್ನು ತಾನೇ ಚಾಲೂ ಮಾಡುವ ಆಟೋ ಸ್ಟಾರ್ಟರ್ ಹಾಕಿಸಿ. ಆದರೆ ಜೊತೆಗೆ ಎರಡು ರಕ್ಷಣೆ ಇರಲೇಬೇಕು: ಒಂದು ಫೇಸ್ ಹೋದರೆ ಆಫ್ ಮಾಡುವ ಪ್ರಿವೆಂಟರ್, ಬೋರು ಬರಿದಾದರೆ ಆಫ್ ಮಾಡುವ ಡ್ರೈ ರನ್ ರಿಲೇ. ಇವಿಲ್ಲದೆ ಹಾಕಿದರೆ ಒಂದೇ ರಾತ್ರಿಯಲ್ಲಿ ಮೋಟ್ರು ಸುಡಬಹುದು. ಕರೆಂಟ್ ಬಂದ ಕೂಡಲೇ ಚಾಲೂ ಆಗುವಂತೆಯೂ ಇಡಬೇಡಿ. ಒಂದೇ ಟ್ರಾನ್ಸ್‌ಫಾರ್ಮರಿನ ಮೋಟ್ರುಗಳೆಲ್ಲ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತದೆ. ಎರಡು ಮೂರು ನಿಮಿಷ ತಡ ಇಡಿಸಿ, ಅಕ್ಕಪಕ್ಕದವರ ಜೊತೆ ಮಾತಾಡಿ ಬೇರೆ ಬೇರೆ ನಿಮಿಷ ಹಂಚಿಕೊಂಡರೆ ಇನ್ನೂ ಒಳ್ಳೆಯದು. ರಾತ್ರಿ ತೊಟ್ಟಿ ತುಂಬಿಸಿಕೊಂಡು ಹಗಲು ಡ್ರಿಪ್‌ನಲ್ಲಿ ಬಿಡೋಣ ಎನ್ನುವವರು ಇದನ್ನು ನೋಡಿಕೊಳ್ಳಿ: 3 ಮೀಟರ್ ಎತ್ತರದ ತೊಟ್ಟಿ ಕೊಡುವ ಒತ್ತಡ 0.3 ಬಾರ್, ಸಾಮಾನ್ಯ ಡ್ರಿಪ್ ಲೈನಿಗೆ ಬೇಕಾದದ್ದು ಸುಮಾರು 1 ಬಾರ್. ಸಣ್ಣ ಸೋಲಾರ್ ಪಂಪು ಸೇರಿಸದಿದ್ದರೆ ಸಾಲಿನ ಕೊನೆಯ ಗಿಡಗಳು ಒಣಗುತ್ತವೆ.

ರಾತ್ರಿ ಹತ್ತಕ್ಕೆ ದೀಪ ಆರಬೇಕೆಂಬ ನಿಯಮವನ್ನು ಹೇಳಲು ಸಂಕೋಚಪಡುವವರಿದ್ದಾರೆ. ಸಂಕೋಚ ಬೇಡ. 2022–23ರಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಸತ್ತದ್ದು ಎಲ್ಲರಿಗೂ ಗೊತ್ತು, ಚಿರತೆ ಅಡಗುವುದು ಕಬ್ಬಿನ ಗದ್ದೆಯಲ್ಲೇ. ಕತ್ತಲಾದ ಮೇಲೆ ಅಂಗಳ ಬಿಟ್ಟು ಹೋಗುವಂತಿಲ್ಲ ಎಂಬುದನ್ನು ಬುಕಿಂಗ್ ಮಾಡುವಾಗಲೇ ಕಾರಣ ಸಮೇತ ಹೇಳಿ. ಅವರ ಜೀವವೂ ಉಳಿಯುತ್ತದೆ, ನಿಮ್ಮ ನಿದ್ದೆಯೂ ಉಳಿಯುತ್ತದೆ.

ಅಡುಗೆಮನೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಬಂದವರ ಮುಂದೆ ನಿಂತು ಮಾತಾಡುವ ಗಂಡಸಿಗೆ ಶಹಬ್ಬಾಸ್ ಸಿಗುತ್ತದೆ, ಹೊಗೆಯ ಮುಂದೆ ನಿಂತ ಹೆಂಗಸಿಗೆ ಸೊಂಟ ನೋವು ಸಿಗುತ್ತದೆ. ಮನೆಯಲ್ಲಿ ಮೊದಲು ಬಳಲುವವರು ಅವರೇ, ಅವರು ಬಳಲಿದ ಮೇಲೆ ಈ ವ್ಯವಹಾರ ನಡೆಯುವುದಿಲ್ಲ. ಜನ ಬರುವ ದಿನಗಳಿಗೆ ಊರಿನ ಇಬ್ಬರನ್ನು ಗೊತ್ತಾದ ಕೂಲಿಗೆ, ಗೊತ್ತಾದ ಗಂಟೆಗೆ ಕರೆದುಕೊಳ್ಳಿ. ಸ್ತ್ರೀಶಕ್ತಿ ಸಂಘದಲ್ಲಿ ಕೇಳಿದರೆ ಅಡುಗೆ ಬಲ್ಲವರು ಸಿಗುತ್ತಾರೆ. ಊಟದ ಪಟ್ಟಿ ಒಂದೇ ಇರಲಿ. ಬಸ್ಸಾರಿನಲ್ಲಿ ಸೊಪ್ಪು, ಕಾಳು ಒಮ್ಮೆ ಬೇಯಿಸಿ ಬಸಿದರೆ ಸಾರೂ ಆಯಿತು, ಪಲ್ಯವೂ ಆಯಿತು. 20 ಜನರಿಗೆ ತಲೆಗೊಂದು ಮುದ್ದೆಯಂತೆ ಸುಮಾರು 2 ಕಿಲೋ ರಾಗಿ ಹಿಟ್ಟು, 2 ಕಿಲೋ ಅಕ್ಕಿ ಸಾಕು. ಪಾವಿನ ಲೆಕ್ಕದಲ್ಲಿ ಒಂದು ಹಿಟ್ಟಿಗೆ ಎರಡು ನೀರು. ಆದರೆ ಎರಡು ಕಿಲೋ ಹಿಟ್ಟನ್ನು ಒಂದೇ ಪಾತ್ರೆಯಲ್ಲಿ ತಿರುವಬೇಡಿ, ಗಂಟು ಉಳಿಯುತ್ತದೆ, ಭುಜವೂ ಹೋಗುತ್ತದೆ. ಒಂದೊಂದು ಕಿಲೋ ಎರಡು ಸಲ, ಎರಡನೆಯದನ್ನು ಮೊದಲ ಪಂಕ್ತಿ ಕೂತ ಮೇಲೆ ತಿರುವಿ. ತಲೆ ಎಣಿಕೆ ಹಿಂದಿನ ಸಂಜೆ 6ಕ್ಕೆ ಮುಗಿಯಬೇಕು. "ಇನ್ನು ನಾಲ್ಕು ಜನ ಬರ್ತಿದ್ದಾರೆ ಅಣ್ಣ" ಎಂಬ ಬೆಳಗಿನ ಫೋನು ಅಡುಗೆಯ ಇಡೀ ಲೆಕ್ಕವನ್ನು ಕೆಡಿಸುತ್ತದೆ.

ಕಡಿಮೆ ಜನ ಬಂದರೆ ಕಡಿಮೆ ಆಯಾಸ ಎಂಬುದೂ ತಪ್ಪು ಲೆಕ್ಕ. ಗುಡಿಸುವುದು, ಶೌಚಾಲಯ ತೊಳೆಯುವುದು, ಸಂತೆಗೆ ಹೋಗುವುದು, ಒಲೆ ಹಚ್ಚುವುದು, ತೋಟ ಸುತ್ತಿಸುವುದು ಆರು ಜನರಿಗೂ ಅಷ್ಟೇ, ಇಪ್ಪತ್ತು ಜನರಿಗೂ ಹೆಚ್ಚುಕಡಿಮೆ ಅಷ್ಟೇ. ಮನೆಯವರು ದುಡಿದ ಗಂಟೆಗಳನ್ನೆಲ್ಲ ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದು, ಉಳಿದ ಹಣವನ್ನು ಅದರಿಂದ ಭಾಗಿಸಿ ನೋಡಿ. ಗಂಟೆಗೆ ಬಂದ ದುಡ್ಡು ಊರಿನ ಕೂಲಿಗಿಂತ ಕಡಿಮೆ ಇದ್ದರೆ ಕನಿಷ್ಠ ಹತ್ತು ಜನ ಎಂಬ ನಿಯಮ ಮಾಡಿ. ಅರ್ಧ ಹಣ ಮುಂಗಡ ಬರುವವರೆಗೆ ಬುಕಿಂಗ್ ಗಟ್ಟಿಯಲ್ಲ ಎಂದೂ ಹೇಳಿಬಿಡಿ.

ಮಾತಿನ ಆಯಾಸ ಗದ್ದೆ ಕೆಲಸದ ಆಯಾಸಕ್ಕಿಂತ ಹೆಚ್ಚು. ಒಂದೊಂದು ಸಂಸಾರಕ್ಕೂ ಬೇರೆ ಬೇರೆ ಸುತ್ತು ಬೇಡ. ದಿನಕ್ಕೆ ಎರಡೇ ಸುತ್ತು: ಬೆಳಗ್ಗೆ ಹತ್ತೂ ಮುಕ್ಕಾಲು, ಮಧ್ಯಾಹ್ನ ಮೂರು, ಒಂದು ಗಂಟೆಯ ಮೇಲೆ ಹೋಗಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನದನ್ನು ಉಳಿದುಕೊಂಡವರಿಗೆ ಮಾತ್ರ ಏಳೂವರೆಗೇ ಆಳೊಬ್ಬರ ಜೊತೆ ಮುಗಿಸಿ. ಸೊಂಟಕ್ಕೆ ಕಟ್ಟುವ ಸಣ್ಣ ಮೈಕು ತೆಗೆದುಕೊಳ್ಳಿ, ಗಂಟಲು ಉಳಿಯುತ್ತದೆ. ನಾಟಿ ಮಾಡಿಸುವುದಿದ್ದರೆ ಬಂದವರಿಗೆಂದೇ ಒಂದು ಗುಂಟೆ ಬಿಡಿ. ಹೊಸಬರು ಪೈರನ್ನು ಕೆಸರಿನ ಆಳಕ್ಕೆ ತುರುಕುತ್ತಾರೆ. ಕುಣಿಗೆ ಎರಡು ಮೂರು ಪೈರು, ಎರಡು ಮೂರು ಸೆಂಟಿಮೀಟರ್ ಆಳ ಇರಬೇಕಾದದ್ದು, ಆಳ ಹೆಚ್ಚಿದರೆ ತೆಂಡೆ (ಬುಡದ ಹೊಸ ಕವಲು) ಒಡೆಯುವುದು ಕುಗ್ಗುತ್ತದೆ. ಅವರು ಹೋದ ಮೇಲೆ ಕಿತ್ತು ಮತ್ತೆ ನೆಡುವ ಕೆಲಸ ಮನಸ್ಸನ್ನು ಬಹಳ ಕುಗ್ಗಿಸುತ್ತದೆ.

ಫೋನಿಗೂ ಹೊತ್ತು ಗೊತ್ತು ಮಾಡಿ: ಮಧ್ಯಾಹ್ನ ಒಂದು ಗಂಟೆ, ರಾತ್ರಿ ಒಂದು ಗಂಟೆ. ಉಳಿದ ವೇಳೆಗೆ ವಾಟ್ಸಾಪ್ ಬಿಸಿನೆಸ್‌ನಲ್ಲಿ ಸಿದ್ಧ ಉತ್ತರ ಹಾಕಿಡಿ. "ಎಲ್ಲಿ ತಿರುಗಬೇಕು" ಎಂಬ ಕರೆಗಳೇ ಅರ್ಧ. ಮ್ಯಾಪ್ ಎಷ್ಟೋ ಸಲ ನಾಲೆ ಏರಿಯ ಮೇಲೆ ಕರೆದೊಯ್ಯುತ್ತದೆ, ಆದ್ದರಿಂದ ಪ್ರತಿ ತಿರುವಿನ ಫೋಟೊ ಮುಂಚೆಯೇ ಕಳಿಸಿ. ಬೈಕಿನಲ್ಲಿ ಬರುವವರಿಗೆ ಬೇರೆ ದಾರಿ ಬರೆಯಬೇಕು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೊ ಬಿಡುವುದಿಲ್ಲ, ಅವರು ಸರ್ವಿಸ್ ರಸ್ತೆಯಲ್ಲೇ ಬರಬೇಕು.

ಸೋಮವಾರ ರಜೆ ಎನ್ನುವವರ ರಜೆ ನಿಜವಾಗಿ ರಜೆಯಲ್ಲ. ಆ ದಿನ ಹಾಸಿಗೆ ಹೊದಿಕೆ ಒಗೆಯುವುದರಲ್ಲೇ ಹೋಗುತ್ತದೆ. ಸೋಮವಾರ ತೊಳೆಯುವ ದಿನ, ಮಂಗಳವಾರ ವಿರಾಮದ ದಿನ ಎಂದು ಎರಡು ದಿನ ಬಿಡಿ. ಪ್ರತಿ ಹಾಸಿಗೆಗೆ ಮೂರು ಜೊತೆ ಹೊದಿಕೆ ಬೇಕು: ಒಂದು ಹಾಸಿದ್ದು, ಒಂದು ಒಣಗುತ್ತಿರುವುದು, ಒಂದು ಬೀರುವಿನಲ್ಲಿ. ಮಳೆಗಾಲದಲ್ಲಿ ಒಣಗಲು ಎರಡು ದಿನವಾದರೂ ಆಗ ಪರದಾಟವಿಲ್ಲ.

ವರ್ಷದ ಲೆಕ್ಕಕ್ಕೆ ಬಂದರೆ, ಕೆ.ಆರ್.ಎಸ್. ಅಣೆಕಟ್ಟೆಯಿಂದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟು ನಾಟಿ ನಡೆಯುವ ಜುಲೈ–ಆಗಸ್ಟಿನಲ್ಲಿ ಮೂರು ವಾರ ಗೇಟು ಪೂರ್ತಿ ಮುಚ್ಚಿ. ಪಿತೃಪಕ್ಷದಲ್ಲಿ ಬರುವವರು ಹೇಗೂ ಕಡಿಮೆ, ರಿಪೇರಿ, ಸುಣ್ಣ ಬಣ್ಣ ಆಗ ಮಾಡಿ. ಅದರ ಹಿಂದೆಯೇ ದಸರಾ. ಆಗ ಗದ್ದೆಯಲ್ಲಿ ಕೈ ಕೆಲಸ ಕಡಿಮೆ, ಮೈಸೂರಿನಲ್ಲಿ ಜನ ಹೆಚ್ಚು, ಹತ್ತು ದಿನವೂ ತೆರೆಯಬಹುದು. ನವೆಂಬರ್, ಡಿಸೆಂಬರಿನ ಕೊಯ್ಲಿನಲ್ಲಿ ವಾರಾಂತ್ಯ ಮಾತ್ರ ಸಾಕು. ಕಬ್ಬಿರುವವರಿಗೆ ಕಟಾವಿನ ತಂಡ ಯಾವ ದಿನ ಬರುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ಕಟಾವು ಹತ್ತಿರವಾದಾಗ ಎರಡು ವಾರಾಂತ್ಯ ಒಂದರ ಹಿಂದೊಂದು ತುಂಬಿಸಿಕೊಳ್ಳಬೇಡಿ.

ಆಯಾಸ ಮಿತಿ ಮೀರುತ್ತಿದೆ ಎಂಬುದು ಮನಸ್ಸಿಗಿಂತ ಮುಂಚೆ ತೋಟದಲ್ಲಿ ಗೊತ್ತಾಗುತ್ತದೆ. ಒಟ್ಲು ಪಾತಿಯ (ಭತ್ತದ ಸಸಿಮಡಿಯ) ಪೈರು 25 ದಿನಕ್ಕೆ ನಾಟಿಯಾಗದೆ 30 ದಾಟಿತೇ? ಡ್ರಿಪ್ ಫಿಲ್ಟರ್ ತೊಳೆದು ಎರಡು ವಾರವಾಯಿತೇ? ಕರುವಿಗೆ ಜಂತುಹುಳದ ಔಷಧಿ ಕೊಡುವ ತಾರೀಖು ಮೀರಿತೇ? ಡೇರಿ ಪುಸ್ತಕದಲ್ಲಿ ಹಾಲು ಇಳಿಯುತ್ತಿದೆಯೇ? ಈ ನಾಲ್ಕರಲ್ಲಿ ಎರಡಕ್ಕೆ ಹೌದು ಎಂದರೆ ಮುಂದಿನ ವಾರಾಂತ್ಯದ ಹೊಸ ಬುಕಿಂಗ್ ನಿಲ್ಲಿಸಿ. ಎರಡು ವಾರ ಸರಿಯಾಗಿ ವಿರಾಮ ಸಿಕ್ಕ ಮೇಲೂ ನಿದ್ದೆ ಬರದೆ, ಯಾವುದರಲ್ಲೂ ಮನಸ್ಸಿಲ್ಲದೆ ಇದ್ದರೆ ಅದನ್ನು ಕೆಲಸದ ಸುಸ್ತು ಎಂದು ತಳ್ಳಿಹಾಕಬೇಡಿ. ಹಿಮೋಗ್ಲೋಬಿನ್, ಶುಗರ್, ಥೈರಾಯ್ಡ್ ಪರೀಕ್ಷೆ ಮಾಡಿಸಿ, ವೈದ್ಯರನ್ನು ನೋಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಗೇಟು ಮುಚ್ಚಿದರೆ ಹಳೆಯ ಗಿರಾಕಿಗಳು ಬೇಸರ ಮಾಡಿಕೊಳ್ಳುತ್ತಾರೆ ಎಂಬ ಅಳುಕು ಎಲ್ಲರಿಗೂ ಇದೆ. ಕಾರಣ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ತಾರೀಖು ಬದಲಿಸಿಕೊಂಡು ಇದನ್ನೇ ಕಳಿಸಬಹುದು: "ನಮಸ್ಕಾರ. ಜುಲೈ 20ರಿಂದ ಆಗಸ್ಟ್ 10ರವರೆಗೆ ನಮ್ಮಲ್ಲಿ ನಾಟಿ. ಆ ದಿನಗಳಲ್ಲಿ ಯಾರನ್ನೂ ಕರೆಯುತ್ತಿಲ್ಲ. ಆಗಸ್ಟ್ 15ರ ನಂತರ ಬಂದರೆ ಹಸಿರು ಗದ್ದೆ ನೋಡಬಹುದು. ಬರುವ ದಿನ, ಎಷ್ಟು ಜನ ಎಂದು ತಿಳಿಸಿ, ಜಾಗ ಹಿಡಿದಿಡುತ್ತೇವೆ."