ರೋಲ್ ನಂಬರ್ 19 ಮತ್ತು ನನ್ನ ಸ್ಟಾರ್ ಚಾರ್ಟ್

ನಮ್ಮ ಹಾಜರಿ ಆ್ಯಪ್ ಬೆಳಿಗ್ಗೆ 9:30ಕ್ಕೆ ಲಾಕ್ ಆಗುತ್ತದೆ. ಆಮೇಲೆ ಏನಾದರೂ ತಿದ್ದಬೇಕೆಂದರೆ ಎಚ್‌ಎಂ ಲಾಗಿನ್ ಬೇಕು, ಎಚ್‌ಎಂ ಲಾಗಿನ್‌ಗೆ ಓಟಿಪಿ ಬೇಕು, ಆ ಓಟಿಪಿ ಹೋಗುವುದು ಯಾವತ್ತೋ ವರ್ಗವಾಗಿ ಹೋದ ಹಳೆಯ ಎಚ್‌ಎಂ ಮೊಬೈಲಿಗೆ. ಅವರಾದರೂ ಪಾಪ ಎಷ್ಟು ಸಲ ಫೋನ್ ಎತ್ತುತ್ತಾರೆ? ಹಾಗಾಗಿ ನಾವೆಲ್ಲ ಒಂಬತ್ತೂಕಾಲಕ್ಕೇ ಹಾಜರಿ ಒತ್ತಿ ಕೈ ತೊಳೆದುಕೊಳ್ಳುವುದು ರೂಢಿ. ಬಂದವರು ಹಸಿರು, ಬರದವರು ಕೆಂಪು. ಮೂರನೆಯ ಬಟನ್ ಇಲ್ಲ.

ಆ ಸೋಮವಾರ ನನ್ನ ಮೂರನೇ ಕ್ಲಾಸಿನಲ್ಲಿ 32ರಲ್ಲಿ 31 ಹಸಿರು. ರೋಲ್ ನಂಬರ್ 19 ಕೆಂಪು. ತಲೆ ಎತ್ತಿ ಅವನ ಜಾಗ ನೋಡಿದೆನೋ ಇಲ್ಲವೋ, ಈಗಲೂ ಖಚಿತವಿಲ್ಲ. ನೋಡುವ ಅಗತ್ಯ ಕಾಣಲಿಲ್ಲ ಅನ್ನುವುದೇ ನಿಜ. ಸೋಮವಾರ ಅಂದರೆ 19 ಬರುವುದಿಲ್ಲ ಎಂದು ನನ್ನ ಬೆರಳಿಗೇ ಗೊತ್ತಿತ್ತು.

ಅದಕ್ಕೂ ಹಿಂದಿನ ಗುರುವಾರ ಅವನ ತಾಯಿಗೆ ಫೋನ್ ಮಾಡಿದ್ದೆ. ಸ್ಟಾಫ್ ರೂಮಿನಿಂದ, ಎಲ್ಲರ ಎದುರಿಗೆ. “ನೋಡಿಯಮ್ಮಾ, ಭಾನುವಾರ ಸುತ್ತಾಡಿಸಿ ಸೋಮವಾರ ಮಲಗಿಸಿಕೊಳ್ಳೋ ಅಭ್ಯಾಸ ಬಿಡಿ. ಹೀಗಾದ್ರೆ ಅವನು ಕಲಿಯೋದು ಯಾವಾಗ?” ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, “ಆಯ್ತು ಮಿಸ್.” ಫೋನ್ ಇಟ್ಟಾಗ ಗಣಿತದ ಮಿಸ್ ನಕ್ಕು, “ಸರಿಯಾಗಿ ಹೇಳಿದ್ರಿ” ಅಂದರು. ನನಗೂ ಹಾಗೇ ಅನ್ನಿಸಿತ್ತು. ವಾರದ ಕೆಲಸ ಒಂದು ಮುಗಿಯಿತಲ್ಲ ಎಂದು ಹಾಜರಾತಿ ಫೈಲಿನಲ್ಲಿ ‘ಪೋಷಕರೊಂದಿಗೆ ಸಮಾಲೋಚನೆ ನಡೆಸಲಾಗಿದೆ’ ಎಂದು ಬರೆದು ಸಹಿ ಹಾಕಿದೆ. ಸಮಾಲೋಚನೆಯಂತೆ! ಮಾತಾಡಿದ್ದು ನಾನೊಬ್ಬಳೇ.

ಸರಿ, ಸೋಮವಾರಕ್ಕೆ ಬರೋಣ. ಎರಡನೇ ಪೀರಿಯಡ್ ನಡುವೆ, 10:40ರ ಹೊತ್ತಿಗೆ, 19ರ ತಂದೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ನೀಲಿ ಇನ್‌ಹೇಲರ್. “ಮಿಸ್, ಇವತ್ತು ಮರೆತು ಬಂದ್ಬಿಟ್ಟಿದಾನೆ. ಅವನ ಬ್ಯಾಗಿಗೆ ಹಾಕಿಬಿಡ್ತೀರಾ?”

ಆಗ ನಾನು ಕೊಟ್ಟ ಉತ್ತರವನ್ನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿ ಹಾಕಿದ್ದೇನೋ ಲೆಕ್ಕವಿಲ್ಲ. ಸಣ್ಣದೊಂದು ನಗು ನಕ್ಕೆ. “ಇವತ್ತೂ ಬಂದಿಲ್ಲವಲ್ಲ ಸರ್,” ಅಂದೆ. ಆ ‘ಇವತ್ತೂ’ ಅನ್ನುವುದರ ಕೊನೆಯ ದೀರ್ಘವನ್ನು ಚೆನ್ನಾಗಿಯೇ ಎಳೆದಿದ್ದೆ.

ಅವರು ನನ್ನ ಮುಖ ನೋಡಿದರು. ಕ್ಲಾಸಿನೊಳಗೆ ಇಣುಕಿದರು. ಮತ್ತೆ ನನ್ನ ಮುಖ ನೋಡಿದರು. “ಎಂಟೂ ಐವತ್ತಕ್ಕೆ ನಾನೇ ಗೇಟಲ್ಲಿ ಬಿಟ್ಟು ಹೋದೆ ಮಿಸ್.”

ಕೈಕಾಲು ತಣ್ಣಗಾಗುವುದು ಅಂತಾರಲ್ಲ, ಅದು ಬರೀ ಮಾತಲ್ಲ. ಒಂದೂ ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಒಂದು ಮಗು ಎಲ್ಲಿದೆ ಎಂದು ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಮನೆಯವರು ಶಾಲೆಯಲ್ಲಿದ್ದಾನೆ ಅಂದುಕೊಂಡಿದ್ದರು, ಶಾಲೆ ಮನೆಯಲ್ಲಿದ್ದಾನೆ ಅಂದುಕೊಂಡಿತ್ತು. ಅದೂ ಉಬ್ಬಸದ ಹುಡುಗ. ಅವನ ಇನ್‌ಹೇಲರ್ ಅಪ್ಪನ ಕೈಯಲ್ಲಿದೆ. ಗೈರಾದ ಮಕ್ಕಳ ಮನೆಗೆ ಆ್ಯಪ್‌ನಿಂದ ಮೆಸೇಜ್ ಹೋಗುತ್ತದೆ ಎಂದು ನಮಗೆಲ್ಲ ತರಬೇತಿಯಲ್ಲಿ ಹೆಮ್ಮೆಯಿಂದ ಹೇಳಿದ್ದರು. ಹೋಗುತ್ತದೆ, ಸಂಜೆ ಐದಕ್ಕೆ! ಆ ಹೊತ್ತಿಗೆ ಮಕ್ಕಳು ಮನೆಯಲ್ಲಿ ಬೂಟು ಬಿಚ್ಚಿರುತ್ತಾರೆ.

ಪಕ್ಕದ ಕ್ಲಾಸಿನ ಮಿಸ್‌ಗೆ ನನ್ನ ಮಕ್ಕಳನ್ನು ನೋಡಿಕೊಳ್ಳಲು ಹೇಳಿ ಓಡಿದೆ. ಟಾಯ್ಲೆಟ್, ಲೈಬ್ರರಿ, ನೀರಿನ ಟ್ಯಾಂಕಿನ ಹಿಂಭಾಗ. ಗೇಟಿನ ವಾಚ್‌ಮನ್‌ಗೆ ಯಾವ ಮಗುವೂ ಹೊರಗೆ ಹೋದ ನೆನಪಿಲ್ಲ, ಆದರೆ ಪ್ರಾರ್ಥನೆ ಹೊತ್ತಿನಲ್ಲಿ ಅವರು ಮೈಕ್ ಸರಿಮಾಡಲು ಒಳಗೆ ಬಂದಿದ್ದರು. ಎಚ್‌ಎಂ ಸರ್ ಕ್ಯಾಮೆರಾ ನೋಡೋಣ ಅಂದರು. ಗೇಟಿನ ಕ್ಯಾಮೆರಾದಲ್ಲಿ ಜೇಡರ ಬಲೆ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ತಂದೆ ಒಂದು ಮಾತೂ ಆಡದೆ ನನ್ನ ಹಿಂದೆಯೇ ಬರುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಒಂದು ಬಾಗಿಲು ತೆರೆದು ಇನ್ನೊಂದು ಬಾಗಿಲಿಗೆ ಹೋಗುವಾಗಲೂ ತಲೆಯ ಒಂದು ಮೂಲೆ ‘ಆ್ಯಪ್‌ನಲ್ಲಿ ಗೈರು ಹಾಕಿದ್ದೀಯ, ದಾಖಲೆ ಪ್ರಕಾರ ನೀನು ಬಚಾವ್’ ಎಂದು ಲೆಕ್ಕ ಹಾಕುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಹಾಗೇ ಆಯಿತು.

ಹುಡುಕಿದ್ದು ಇಪ್ಪತ್ತೆರಡು ನಿಮಿಷ. ಸಿಕ್ಕಿದ್ದು ಆಯಮ್ಮನಿಗೆ. ಸಭಾಂಗಣದ ವೇದಿಕೆ ಪಕ್ಕ, ಕ್ರೀಡಾಕೂಟದ ಚಾಪೆಗಳನ್ನು ಸುತ್ತಿಡುವ ಕೋಣೆಯಲ್ಲಿ, ಬ್ಯಾಗು ಬೆನ್ನ ಮೇಲೇ ಇಟ್ಟುಕೊಂಡು ಕೂತಿದ್ದ. ಆ ಧೂಳಿಗೆ ಉಸಿರು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ತಂದೆ ಮೊದಲು ಇನ್‌ಹೇಲರ್ ಹಿಡಿಸಿದರು, ಆಮೇಲೆ ಅಪ್ಪಿಕೊಂಡರು. ನಾನು ಏನು ಕೇಳಬೇಕೋ ತೋಚದೆ ಸುಮ್ಮನೆ ನಿಂತಿದ್ದೆ. ಅವನೇ ಹೇಳಿದ: “ಸ್ಟಾರ್ ಅಂಟಿಸೋದು ಮುಗಿದ್ಮೇಲೆ ಬರೋಣ ಅಂತಿದ್ದೆ ಮಿಸ್. ಆಮೇಲೆ ಲೇಟಾಗೋಯ್ತು. ಲೇಟಾಗಿ ಬಂದ್ರೆ ಎಲ್ಲರೂ ನೋಡ್ತಾರಲ್ಲ.”

ಸ್ಟಾರ್ ಚಾರ್ಟ್ ನನ್ನದು. ಯಾರೂ ಹೇರಿದ್ದಲ್ಲ. ಹಾಜರಾತಿ ಹೆಚ್ಚಿಸಿ ಹೆಚ್ಚಿಸಿ ಎಂದು ಪ್ರತಿ ಸಭೆಯಲ್ಲೂ ತಲೆ ತಿನ್ನುತ್ತಿದ್ದ ದಿನಗಳಲ್ಲಿ ರಾತ್ರಿ ಕೂತು ಬಣ್ಣದ ಕಾಗದ ಕತ್ತರಿಸಿ ಮಾಡಿದ್ದೆ. ಹಿಂದಿನ ವಾರ ಒಂದು ದಿನವೂ ತಪ್ಪಿಸದವರಿಗೆ ಸೋಮವಾರ ಮೊದಲ ಪೀರಿಯಡ್‌ನಲ್ಲಿ, ಚಪ್ಪಾಳೆಯೊಂದಿಗೆ, ಬಂಗಾರದ ಸ್ಟಾರ್. ತಪ್ಪಿಸಿದವರಿಗೆ ಕೆಂಪು ಚುಕ್ಕೆ. ಅದು ಸಾಲದು ಅಂತ ಬೆಂಚಿನ ಸಾಲುಗಳಿಗೂ ಪೈಪೋಟಿ. ಹೆಚ್ಚು ಸ್ಟಾರ್ ಪಡೆದ ಸಾಲಿಗೆ ತಿಂಗಳ ಕೊನೆಯಲ್ಲಿ ಕಪ್. ಹದಿನೈದು ದಿನಕ್ಕೊಮ್ಮೆಯಾದರೂ ಉಬ್ಬಸ ಬಂದು ಮಲಗುವ ಹುಡುಗನಿಗೆ ಇದರಲ್ಲಿ ಗೆಲ್ಲುವ ದಾರಿಯೇ ಇರಲಿಲ್ಲ. ಅವನ ಸಾಲಿನವರು “ನಿನ್ನಿಂದ್ಲೇ ಕಪ್ ಹೋಯ್ತು” ಅನ್ನುತ್ತಿದ್ದರಂತೆ. ಮೊದಮೊದಲು ಉಬ್ಬಸ ಬಂದಾಗ ತಪ್ಪಿಸುತ್ತಿದ್ದವನು, ಆಮೇಲೆ ಸೋಮವಾರ ಬಂತೆಂದರೆ ಹೊಟ್ಟೆನೋವು ಅನ್ನತೊಡಗಿದ. ನನ್ನ ಗುರುವಾರದ ಪ್ರವಚನದ ನಂತರ ತಾಯಿ ಹೊಟ್ಟೆನೋವನ್ನು ನಂಬಲಿಲ್ಲ, ಕಳಿಸಿದರು. ಅವನು ಬಂದ. ಬಂದವನು ಅಡಗಿಕೊಂಡ.

ಆ ಹೊಟ್ಟೆನೋವು ಸುಳ್ಳಲ್ಲ ಎಂದು ನಮ್ಮಲ್ಲಿಗೆ ತಿಂಗಳಿಗೊಮ್ಮೆ ಬರುವ ಕೌನ್ಸೆಲರ್ ಹೇಳಿದರು. ಹೆದರಿದ ಮಗುವಿಗೆ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ಹತ್ತೂವರೆಗೆ ನೋವು ಮಾಯವಾಯಿತು ಎಂಬ ಕಾರಣಕ್ಕೆ ಏಳೂವರೆಗೆ ಇದ್ದದ್ದು ನಾಟಕವಾಗುವುದಿಲ್ಲ. ಕ್ರಿಸ್ಟೋಫರ್ ಕರ್ನಿ ಎಂಬ ಮನಶ್ಶಾಸ್ತ್ರಜ್ಞರು ಶಾಲೆಗೆ ಹೋಗಲೊಲ್ಲದ ಮಕ್ಕಳನ್ನು 1990ರ ಸುಮಾರಿನಿಂದ ನಾಲ್ಕು ಬಗೆಯಾಗಿ ನೋಡುತ್ತ ಬಂದಿದ್ದಾರಂತೆ. ಶಾಲೆಯಲ್ಲಿ ಸಂಕಟ ತರುವ ಯಾವುದೋ ಒಂದರಿಂದ ದೂರ ಇರಲು, ನಾಲ್ಕು ಜನರೆದುರು ಪರೀಕ್ಷೆಗೆ ಒಳಗಾಗುವುದನ್ನು ತಪ್ಪಿಸಿಕೊಳ್ಳಲು, ಮನೆಯವರ ಗಮನ ತನ್ನ ಮೇಲಿರಲು, ಇಲ್ಲಾ ಹೊರಗೆ ಶಾಲೆಗಿಂತ ರುಚಿಯಾದದ್ದೇನೋ ಇರುವುದರಿಂದ. “ನೀವೆಲ್ಲ ನಾಲ್ಕನೇದನ್ನೇ ಮೊದಲು ಹಿಡೀತೀರಿ ಮಿಸ್,” ಅಂದರು ಆಕೆ. ನಾನು ಹಿಡಿದದ್ದೂ ಅದನ್ನೇ. ಭಾನುವಾರದ ಸುತ್ತಾಟ! ವಿಚಾರಿಸಿದರೆ ಅವರು ಭಾನುವಾರ ಎಲ್ಲಿಗೂ ಹೋಗುತ್ತಿರಲಿಲ್ಲ.

ಇನ್ನು ಬಹುಮಾನದ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಕಾರ್ಲಿ ರಾಬಿನ್ಸನ್, ಟಾಡ್ ರೋಜರ್ಸ್ ಎಂಬ ಸಂಶೋಧಕರು ಮತ್ತವರ ಜೊತೆಗಾರರು 15,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ಪೂರ್ಣ ಹಾಜರಾತಿಯ ಪ್ರಶಸ್ತಿಗಳನ್ನು ಪ್ರಯೋಗಿಸಿ ನೋಡಿದ್ದರು. ಪ್ರಬಂಧ ಅಚ್ಚಾದದ್ದು 2021ರಲ್ಲಿ. ‘ಬಂದರೆ ಕೊಡುತ್ತೇವೆ’ ಎಂದು ಮೊದಲೇ ಹೇಳಿದ ಪ್ರಶಸ್ತಿಯಿಂದ ಏನೂ ಆಗಲಿಲ್ಲ. ಹೇಳದೆ ಕೊಟ್ಟ ಪ್ರಶಸ್ತಿ ಪಡೆದವರು ಮುಂದಿನ ತಿಂಗಳು ಮೊದಲಿಗಿಂತ ಹೆಚ್ಚು ತಪ್ಪಿಸಿದರು. ಅವರು ನಮ್ಮ ಮಕ್ಕಳಿಗಿಂತ ದೊಡ್ಡವರು, ಆರನೇ ತರಗತಿಯಿಂದ ಮೇಲಿನವರು, ಆದ್ದರಿಂದ ನೇರ ಹೋಲಿಕೆ ಸಲ್ಲದು. ಆದರೆ ನನ್ನ ಸ್ಟಾರ್‌ಗಾಗಿ ಹಿಂದಿನ ತಿಂಗಳು ಒಬ್ಬಳು ವಾಂತಿ ಮಾಡಿಕೊಳ್ಳುತ್ತಲೇ ಶಾಲೆಗೆ ಬಂದು, ಮುಂದಿನ ಮೂರು ದಿನ ಅವಳ ಅರ್ಧ ಸಾಲು ಮಲಗಿದ್ದು ಆಗ ನೆನಪಾಯಿತು. ವಾಂತಿ-ಭೇದಿ ನಿಂತು 48 ಗಂಟೆ ಕಳೆಯುವವರೆಗೆ ಮಗುವನ್ನು ಶಾಲೆಗೆ ಕಳಿಸಬೇಡಿ ಅನ್ನುತ್ತದೆ ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್. ಬರೀ ನೆಗಡಿಯಾದರೆ ಕಳಿಸಿ ಅಂತಲೂ ಅದೇ ಹೇಳುತ್ತದೆ. ನನ್ನ ಚಾರ್ಟು ಎರಡಕ್ಕೂ ಒಂದೇ ಚುಕ್ಕೆ ಇಡುತ್ತಿತ್ತು.

ತರಗತಿಯ ಸರಾಸರಿ ನೋಡುತ್ತ ಕೂತದ್ದು ಇನ್ನೊಂದು ಬೆಪ್ಪುತನ. ಆ ತಿಂಗಳು ನನ್ನ ಕ್ಲಾಸು 95 ಪರ್ಸೆಂಟ್. ಆ್ಯಪ್‌ನಲ್ಲಿ ಕಡು ಹಸಿರು, ಸಭೆಯಲ್ಲಿ ಭೇಷ್. 32 ಮಕ್ಕಳು, 20 ದಿನ, ಒಟ್ಟು 640 ಹಾಜರಿ. ಅದರಲ್ಲಿ 32 ಗೈರು. ಪ್ರತಿ ಮಗು ಒಂದೊಂದು ದಿನ ತಪ್ಪಿಸಿದರೂ 95. ನಾಲ್ಕೇ ಮಕ್ಕಳು ಎಂಟೆಂಟು ದಿನ ತಪ್ಪಿಸಿದರೂ 95. ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಹತ್ತು ಪರ್ಸೆಂಟ್ ದಿನ ತಪ್ಪಿದ ಮಗುವನ್ನು ಬೇರೆಯಾಗಿ ಪಟ್ಟಿ ಮಾಡುತ್ತಾರೆ. ಲೆಕ್ಕ ಹಾಕಿದರೆ ತಿಂಗಳಿಗೆ ಎರಡೇ ದಿನ. ಸತತವಾಗಿ ವಾರಗಟ್ಟಲೆ ಬಾರದವರ ಪಟ್ಟಿ ನಮ್ಮಲ್ಲಿತ್ತು. ಇವತ್ತೊಂದು ನಾಳಿದ್ದೊಂದು ಎಂದು ಸೋರಿ ಹೋಗುವವರ ಪಟ್ಟಿ ಯಾರ ಬಳಿಯೂ ಇರಲಿಲ್ಲ. ಅಂದು ಮಧ್ಯಾಹ್ನ ರಿಜಿಸ್ಟರ್ ಹಿಡಿದು ಅಡ್ಡಸಾಲಿನಲ್ಲಿ ಎಣಿಸಿದೆ. ವರ್ಷದ ಆರಂಭದಿಂದ 19ರ ಲೆಕ್ಕ 17 ದಿನ. ಅವನಲ್ಲದೆ ಇನ್ನೂ ಮೂವರು ಹತ್ತು ಪರ್ಸೆಂಟ್ ದಾಟಿದ್ದರು. ಅದರಲ್ಲಿ ಒಬ್ಬಳ ಮೇಲೆ ನನಗೆ ಯಾವ ಅನುಮಾನವೂ ಇರಲಿಲ್ಲ, ಏಕೆಂದರೆ ಅವಳ ಹೋಂವರ್ಕ್ ಯಾವಾಗಲೂ ನೀಟು.

ಮರುದಿನ 19ರ ತಾಯಿ ಬಂದರು. ಕ್ಷಮೆ ಕೇಳಿದೆ, ಎಷ್ಟು ದಿನ ತಪ್ಪಿರಬಹುದು ಅಂತ ಕೇಳಿದೆ. “ನಾಲ್ಕೈದು ದಿನ ಇರ್ಬೋದು ಮಿಸ್,” ಅಂದರು. ಹದಿನೇಳು ಅಂದಾಗ ನಂಬದೆ ರಿಜಿಸ್ಟರ್ ಕೈಗೆ ತೆಗೆದುಕೊಂಡು ತಾವೇ ಬೆರಳಿಟ್ಟು ಎಣಿಸಿದರು. ಹಿಂದಿನ ನಾನಾಗಿದ್ದರೆ ಇದನ್ನು ಬೇಜವಾಬ್ದಾರಿ ಅನ್ನುತ್ತಿದ್ದೆ. ಆದರೆ ಇದು ಎಲ್ಲ ಕಡೆ ಹೀಗೇ. ಫಿಲಡೆಲ್ಫಿಯಾದಲ್ಲಿ ಇದೇ ರೋಜರ್ಸ್ ಮತ್ತು ಅವಿ ಫೆಲ್ಲರ್ 28,000 ಮನೆಗಳ ಜೊತೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಬುಡದಲ್ಲೇ ಈ ಮಾತಿದೆ: ತಮ್ಮ ಮಗು ಒಟ್ಟು ಎಷ್ಟು ದಿನ ತಪ್ಪಿಸಿತು ಎಂಬುದನ್ನು ಪೋಷಕರು ಕಡಿಮೆ ಅಂದಾಜು ಮಾಡುತ್ತಾರೆ. ಆ ಲೆಕ್ಕವನ್ನು ಪತ್ರದಲ್ಲಿ ತಿಳಿಸಿದ್ದಷ್ಟಕ್ಕೇ ತೀರಾ ಹೆಚ್ಚು ತಪ್ಪಿಸುವ ಮಕ್ಕಳ ಸಂಖ್ಯೆ ಶೇ. 10ರಷ್ಟು ಇಳಿಯಿತು. ಬೈಗುಳ ಬೇಕಾಗಲಿಲ್ಲ. ಸಹಪಾಠಿಗಳ ಲೆಕ್ಕ ತೋರಿಸಿ ಹೋಲಿಸಿದ್ದರಿಂದ ಹೆಚ್ಚಿನ ಲಾಭವೂ ಆಗಲಿಲ್ಲ. ನಾನೋ, ಹೋಲಿಕೆಯನ್ನು ಗೋಡೆಗೇ ಅಂಟಿಸಿದ್ದೆ.

ಈಗ ಬದಲಾದದ್ದು ಬಹಳವೇನಿಲ್ಲ. ಹೇಳದೆ ಬಾರದ ಯಾವ ಮಗುವಿದ್ದರೂ 9:30ರೊಳಗೆ ಮನೆಗೆ ಫೋನು, ಅದು ‘ಯಾವಾಗಲೂ ಬಾರದ’ ಮಗುವಾದರೆ ಎಲ್ಲರಿಗಿಂತ ಮೊದಲು. ಕೇಳುವ ಮೊದಲ ಪ್ರಶ್ನೆ ‘ಯಾಕೆ ಕಳಿಸಿಲ್ಲ’ ಅಲ್ಲ, ‘ಮಗು ನಿಮ್ಮ ಜೊತೆ ಇದೆಯಾ’. ಆಮೇಲೆ ಬೇಕಾದರೆ ಉಳಿದದ್ದು. ಮೊಬೈಲ್ ರೀಚಾರ್ಜ್ ನನ್ನ ಕೈಯಿಂದಲೇ, ಅದನ್ನು ಎಚ್‌ಎಂ ಸರ್‌ಗೆ ಮೂರು ಸಲ ಹೇಳಿಯಾಗಿದೆ. ಮರಳಿ ಬಂದ ಮಗುವಿಗೆ “ಓ, ದಾರಿ ತಪ್ಪಿ ಬಂದ್ಯಾ ಮಹಾರಾಯ?” ಅನ್ನುವ ನನ್ನ ಹಳೆಯ ಚಟ ಬಿಟ್ಟಿದ್ದೇನೆ, ಬಹುಪಾಲು. ತಪ್ಪಿದ ದಿನದ ನೋಟ್ಸನ್ನು ಪಕ್ಕದವರು ಬರೆದಿಟ್ಟಿರುತ್ತಾರೆ.

ಚಾರ್ಟ್ ಕಿತ್ತು ಹಾಕಲು ಮಾತ್ರ ಸುಲಭದಲ್ಲಿ ಆಗಲಿಲ್ಲ. ಎಚ್‌ಎಂ ಸರ್ ತಲೆ ಕೆರೆದುಕೊಂಡರು. “ಮೊನ್ನೆ ವಿಸಿಟ್‌ಗೆ ಬಂದವರು ಅದರ ಫೋಟೊ ತೆಗೆದುಕೊಂಡು ಹೋಗಿದಾರೆ ಮೇಡಂ. ಪಿಪಿಟಿಲಿ ಹಾಕಿದಾರಂತೆ.” ನನ್ನ ಗೋಡೆಯಿಂದ ಹೋಯಿತು. ಆದರೆ ಪಿಪಿಟಿ ನೋಡಿದ ಬೇರೆ ಮೂರು ಕ್ಲಾಸುಗಳ ಗೋಡೆಗೆ ಅಷ್ಟರಲ್ಲಿ ಅದು ಹತ್ತಿಬಿಟ್ಟಿತ್ತು. ಅವರಿಗೆ ಹೇಳಿದೆ. “ನಿಮ್ಮ ಐಡಿಯಾನೇ ಅಲ್ವಾ ಮಿಸ್?” ಅಂದರು.

19 ಈಗಲೂ ತಪ್ಪಿಸುತ್ತಾನೆ. ಉಬ್ಬಸವೇನು ನನ್ನ ಜ್ಞಾನೋದಯಕ್ಕೆ ಕಾದು ಕೂತಿಲ್ಲ. ಇನ್ನೊಂದು ಇನ್‌ಹೇಲರ್ ನನ್ನ ಬೀರುವಿನಲ್ಲಿದೆ, ಅವನ ಹೆಸರು ಬರೆದು. ಕಳೆದ ಸೋಮವಾರ 9:10ಕ್ಕೆ ಅವನ ತಾಯಿಯ ಫೋನ್ ತಾನಾಗಿ ಬಂತು. “ರಾತ್ರಿಯೆಲ್ಲ ನಿದ್ದೆ ಇಲ್ಲ ಮಿಸ್. ಈಗ ಮಲಗಿದಾನೆ. ಎದ್ದ ಮೇಲೆ ಆರಾಮಿದ್ರೆ ಹನ್ನೊಂದಕ್ಕೆ ಕರ್ಕೊಂಡು ಬರ್ಲಾ? ಬೇಡ ಅಂದ್ರೆ ನಾಳೆ ಕಳಿಸ್ತೀನಿ.” ಬನ್ನಿ ಅಂದೆ, ಹನ್ನೆರಡಾದರೂ ಬನ್ನಿ. ಹನ್ನೊಂದೂ ಹತ್ತಕ್ಕೆ ಬಂದ. ಯಾರೂ ತಲೆ ಎತ್ತಲಿಲ್ಲ, ಎಲ್ಲರೂ ಭಾಗಾಕಾರದಲ್ಲಿ ಮುಳುಗಿದ್ದರು. ಆ್ಯಪ್‌ನಲ್ಲಿ ಅವನು ಅವತ್ತಿಗೂ ಕೆಂಪು. ಓಟಿಪಿಗಾಗಿ ಹಳೆಯ ಎಚ್‌ಎಂಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ.