ಬಾಟಲಿಯ ಅಂಟಿಗೆ ಹಲಸಿನ ಮೇಣದ ಮದ್ದು

ಮಿಡಿ ಉಪ್ಪಿನಲ್ಲಿ ಹಾಕಿ ಆಗಿದೆ, ಇನ್ನು ಬಾಟಲಿ ಬೇಕು ಅಂತ ಅಮ್ಮ ಹೇಳಿದ ಕೂಡಲೇ ನಾನು ವರ್ಷವಿಡೀ ಕೂಡಿಹಾಕಿದ್ದ ಗಾಜಿನ ಬಾಟಲಿಗಳನ್ನೆಲ್ಲ ಅಟ್ಟದಿಂದ ಇಳಿಸಿದೆ. ಜಾಮಿನದ್ದು, ಜೇನಿನದ್ದು, ಕಾಫಿಪುಡಿಯದ್ದು, ಒಟ್ಟು 11. ಎಲ್ಲವನ್ನೂ ಬಿಸಿನೀರಿನ ಬಾಲ್ದಿಗೆ ಹಾಕಿದೆ. ಒಂದು ಗಂಟೆಯಲ್ಲಿ ನಾಲ್ಕರ ಲೇಬಲ್ ತಾನಾಗಿಯೇ ಕಳಚಿ ತೇಲಿತು. ಉಳಿದ ಏಳರದ್ದು ಕಾಗದ ಮಾತ್ರ ಚೂರುಚೂರಾಗಿ ಬಂತು, ಅಂಟು ಅಲ್ಲೇ ಕೂತಿತು. ಸೋಪು ಹಾಕಿ ತಿಕ್ಕಿದರೆ ಇನ್ನಷ್ಟು ಹರಡಿ, ಸ್ಕ್ರಬ್ಬರಿಗೂ ಹಿಡಿದು, ಕೈಗೂ ಹಿಡಿದು, ಕೊನೆಗೆ ನಲ್ಲಿಯ ತಿರುಪಿಗೂ ಹಿಡಿಯಿತು. ಆಮೇಲೆ ಚಾಕು ತಗೊಂಡು ಕೆರೆಯಲು ಶುರುಮಾಡಿದೆ.

ಅಮ್ಮ ಸ್ವಲ್ಪ ಹೊತ್ತು ನೋಡಿದರು. "ನಿಂಗೆ ಎಂತ ಮರ್ಲಾ? ಹಲಸಿನಹಣ್ಣು ಕೊಯ್ದ ಮೇಲೆ ಕೈಗೆ ಎಂತ ಹಚ್ತಿ?"

ತೆಂಗಿನೆಣ್ಣೆ. ಛೆ!

ಊರಲ್ಲಿ ಹಲಸಿನಹಣ್ಣು ಕೊಯ್ಯುವ ಮೊದಲು ಕೈಗೂ ಕತ್ತಿಗೂ ಎಣ್ಣೆ ಸವರಿಕೊಳ್ಳದವರು ಯಾರಿದ್ದಾರೆ ಮಾರಾಯ್ರೆ? ಮೇಣ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಸಡಿಲ ಬಿಡುತ್ತದೆ. ಸ್ಟಿಕ್ಕರಿನ ಅಂಟಿನದ್ದೂ ಅದೇ ಬುದ್ಧಿ. ಗಂಜಿಯಂಥ ಗೋಂದು ಹಚ್ಚಿದ ಲೇಬಲ್ ನೀರಲ್ಲೇ ಬಿಡುತ್ತದೆ, ನನ್ನ ನಾಲ್ಕು ಬಾಟಲಿಗಳದ್ದು ಅಂಥದ್ದೇ ಇರಬೇಕು. ಆದರೆ ಒತ್ತಿದರೆ ಹಿಡಿಯುವ ಸ್ಟಿಕ್ಕರಿನ ಅಂಟು ರಬ್ಬರಿನದ್ದೋ ಅಕ್ರಿಲಿಕ್ಕಿನದ್ದೋ ಆಗಿರುತ್ತದೆ. ಅದಕ್ಕೆ ನೀರು ಲೆಕ್ಕಕ್ಕಿಲ್ಲ. ಎಣ್ಣೆ ಮೆಲ್ಲಗೆ ಒಳಗೆ ಇಳಿದು, ಅದನ್ನು ಮೆತ್ತಗೆ ಮಾಡಿ, ಗಾಜಿನ ಮೇಲಿನ ಹಿಡಿತ ಬಿಡಿಸುತ್ತದೆ.

ಬರೀ ಎಣ್ಣೆಯೂ ಸಾಕು, ಆದರೆ ತಿಕ್ಕಲು ಏನಾದರೂ ಸ್ವಲ್ಪ ತರಿಯಾಗಿದ್ದರೆ ಕೆಲಸ ಬೇಗ ಆಗುತ್ತದೆ. ಅದಕ್ಕೇ ಅಡಿಗೆ ಸೋಡಾ. ಎಣ್ಣೆಯಲ್ಲಿ ಸೋಡಾ ಕರಗುವುದಿಲ್ಲ, ಪುಡಿಪುಡಿಯಾಗಿಯೇ ಉಳಿಯುತ್ತದೆ, ನಮಗೆ ಬೇಕಾದದ್ದೂ ಅದೇ. ಮೊದಲೆಲ್ಲ ಪಾತ್ರೆಯ ಜಿಡ್ಡಿಗೆ ಒಲೆಬೂದಿ, ತೆಂಗಿನ ನಾರು ಇರುತ್ತಿತ್ತಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಈಗ ಫ್ಲಾಟಿನಲ್ಲಿ ಬೂದಿಗೆ ಎಲ್ಲಿಗೆ ಹೋಗುವುದು.

ಅಳತೆ ವಿಷಯದಲ್ಲಿ ಒಂದು ಮಾತು. ಎಲ್ಲ ಕಡೆ ಎಣ್ಣೆ ಒಂದು ಚಮಚ, ಸೋಡಾ ಒಂದು ಚಮಚ ಅಂತಲೇ ಹೇಳುತ್ತಾರೆ. ಅದು ಚಳಿ ಊರಿನ ಅಳತೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಬೆಣ್ಣೆಯ ಹಾಗೆ ಗಟ್ಟಿಯಾಗುತ್ತದೆ, ಆಗ ಸಮಸಮ ಸರಿ. ಮಂಗಳೂರಿನ ಎಪ್ರಿಲ್ ಸೆಕೆಯಲ್ಲಿ ಅದು ನೀರು. ಸಮ ಹಾಕಿದರೆ ಬಾಟಲಿಯಿಂದ ಇಳಿದು ಕಡಪಕಲ್ಲಿನ ಮೇಲೆ ಹರಿಯುತ್ತದೆ, ನನಗೆ ಹಾಗೇ ಆಯಿತು. ಎಣ್ಣೆ ಒಂದಾದರೆ ಸೋಡಾ ಎರಡು ಹಾಕಿ. ಚಟ್ನಿಯ ಹದಕ್ಕೆ ಬರಬೇಕು, ತೆಳು ಚಟ್ನಿ ಅಲ್ಲ, ಗಂಜಿಗೆ ನೆಂಚಿಕೊಳ್ಳುವ ಗಟ್ಟಿ ಚಟ್ನಿ.

ಇನ್ನು ಲಿಂಬೆ. ಜಾಸ್ತಿ ಬುದ್ಧಿ ಖರ್ಚು ಮಾಡಿ ನಾನು ರಸ ಹಿಂಡಿದೆ. ಬುಸ್ಸೆಂದು ನೊರೆ ಬಂತು, ನೋಡಲು ಚಂದ, ಪ್ರಯೋಜನ ಸೊನ್ನೆ. ಹುಳಿಯೂ ಸೋಡಾವೂ ಒಂದನ್ನೊಂದು ತಿಂದು ಮುಗಿಸುತ್ತವೆ. ಬೇಕಾದದ್ದು ರಸ ಅಲ್ಲ, ಸಿಪ್ಪೆ. ಲಿಂಬೆ, ಕಿತ್ತಳೆ ಸಿಪ್ಪೆಯಲ್ಲಿರುವ ಎಣ್ಣೆಯಲ್ಲಿ ಲಿಮೊನೀನ್ ಇರುತ್ತದೆ, ಅಂಟು ಕರಗಿಸುವುದರಲ್ಲಿ ಅದು ತೆಂಗಿನೆಣ್ಣೆಗಿಂತ ಜೋರು. ಚಿಕ್ಕವರಿದ್ದಾಗ ಕಿತ್ತಳೆ ಸಿಪ್ಪೆಯನ್ನು ದೀಪದ ಎದುರು ಮಡಚಿ ಕಿಡಿ ಹಾರಿಸುತ್ತಿದ್ದೆವಲ್ಲ, ಅದೇ ಎಣ್ಣೆ. ಸಿಪ್ಪೆಯ ಹೊರಭಾಗವನ್ನು ಮಾತ್ರ ತುರಿದು ಸೇರಿಸಿ.

ಹಚ್ಚಿ ಅರ್ಧ ಗಂಟೆ ಸುಮ್ನೆ ಬಿಡಿ. ನಡುವೆ ಮುಟ್ಟಬೇಡಿ. ಮೇಲಿನ ಕಾಗದವನ್ನು ಮೊದಲೇ ಕಿತ್ತಿರಬೇಕು, ಪ್ಲಾಸ್ಟಿಕ್ ಮೆತ್ತಿದ ಲೇಬಲ್ಲಾದರೆ ಎಣ್ಣೆ ಅದನ್ನು ದಾಟಿ ಒಳಗೆ ಹೋಗುವುದೇ ಇಲ್ಲ. ಆಮೇಲೆ ಹಳೆ ಬಟ್ಟೆಯಲ್ಲಿ ಗುಂಡಗೆ ತಿಕ್ಕಿದರೆ ಅಂಟು ಸಣ್ಣ ಸಣ್ಣ ಉಂಡೆ ಕಟ್ಟಿ ಬರುತ್ತದೆ. ಆ ಉಂಡೆಗಳನ್ನು ಸಿಂಕಿಗೆ ಬಿಡಬೇಡಿ, ಒರೆಸಿ ಕಸಕ್ಕೆ ಹಾಕಿ. ನಂತರ ಪಾತ್ರೆ ಸೋಪಿನಲ್ಲಿ ಎರಡು ಸಲ ತೊಳೆಯಿರಿ. ಉಪ್ಪಿನಕಾಯಿ ಬಾಟಲಿಯಾದರೆ ಬಿಸಿಲಲ್ಲಿ ಬಡಬಡ ಒಣಗಬೇಕು, ನೀರಿನ ಪಸೆ ಉಳಿದರೆ ಬೂಸಲು ಖಂಡಿತ. ಮಳೆ ಹಿಡಿಯುವ ಮೊದಲೇ ಮುಗಿಸಿಕೊಳ್ಳಿ ಅನ್ನುವುದು ಅದಕ್ಕೇ. ಚಿಮಿಣಿ ಎಣ್ಣೆಯಲ್ಲೂ ಅಂಟು ಹೋಗುತ್ತದೆ, ಗೊತ್ತು, ಆದರೆ ಊಟದ ಸಾಮಾನು ಹಾಕುವ ಬಾಟಲಿಗೆ ಆ ವಾಸನೆ ಯಾಕೆ?

ಬಾಟಲಿ ಮುಗಿದ ಮೇಲೆ ನನಗೆ ಹುರುಪು ಬಂತು. ಕಪಾಟಿನ ಕನ್ನಡಿಯಲ್ಲಿ ಅತ್ತಿಗೆ ಅಂಟಿಸಿಟ್ಟ ಬೊಟ್ಟಿನ ಕಲೆಗಳು ಹೋದವು (ಕನ್ನಡಿಗೆ ಬರೀ ಎಣ್ಣೆ ಸಾಕು, ಅಂಚಿಗೆ ಇಳಿಯದ ಹಾಗೆ). ಹೊಸ ಸ್ಟೀಲ್ ತಪ್ಪಲೆಯ ಸ್ಟಿಕ್ಕರ್ ಹೋಯಿತು, ಆದರೆ ಅದಕ್ಕೆ ಸ್ಟೀಲ್ ಉಲ್ಲನ್ ಹಿಡಿದು ಮೈತುಂಬ ಗೀರು ಮಾಡಿಕೊಂಡೆ, ನೀವು ಬಟ್ಟೆಯಲ್ಲೇ ತಿಕ್ಕಿ. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಬೇಡವೇ ಬೇಡ, ಕಪ್ಪಾಗುತ್ತದೆ. ಹಳೆ ಪುಸ್ತಕದ ರಟ್ಟಿನ ಮೇಲಿದ್ದ ಬೆಲೆಚೀಟಿಗೂ ಎಣ್ಣೆ ಮುಟ್ಟಿಸಿದೆ, ಅಂಟು ಹೋಗಿ ಅಂಗೈಯಗಲದ ಎಣ್ಣೆಕಲೆ ಬಂತು. ಕಾಗದ, ಬಟ್ಟೆ, ಪಾಲಿಶ್ ಇಲ್ಲದ ಮರ, ಈ ಮೂರರ ಹತ್ತಿರ ಹೋಗಬೇಡಿ. ಅಂಥ ಕಡೆ ಹೇರ್ ಡ್ರೈಯರಿನ ಬಿಸಿ ಗಾಳಿ ಕೊಟ್ಟು ಮೆಲ್ಲಗೆ ಎಬ್ಬಿಸುವುದು ವಾಸಿ.

ಉಳಿದ ಪೇಸ್ಟನ್ನು ಡಬ್ಬಿಯಲ್ಲಿ ಇಡುವುದಾದರೆ ಸಿಪ್ಪೆಯ ತುರಿ ಹಾಕದೆ ಇಡಿ. ಸೋಡಾ ತಳಕ್ಕೆ ಕೂರುತ್ತದೆ, ಬೇಕಾದಾಗ ಕದಡಿದರಾಯಿತು.

ಏಳರಲ್ಲಿ ಆರು ಬಾಟಲಿ ಫಳಫಳ. ಒಂದರ ಪ್ಲಾಸ್ಟಿಕ್ ಮುಚ್ಚಳದ ಅಂಟು ಮಾತ್ರ ಮೂರು ಸಲ ತಿಕ್ಕಿದರೂ ಪೂರ್ತಿ ಹೋಗಲಿಲ್ಲ. ಅಮ್ಮ ಅದರಲ್ಲಿ ಹುಣಸೆಹುಳಿ ತುಂಬಿಸಿಟ್ಟಿದ್ದಾರೆ. ಹೇಗೂ ಕೈಗೆ ಅಂಟುವುದೇ ಅಲ್ವಾ.