ಮಕ್ಕಳು ದೊರೆಯನ್ನು ಇಳಿಸಿದರು ಅಂದರೆ ಓದುಗರು ಯಾಕೆ ನಂಬಬೇಕು?

ಮಕ್ಕಳಿಗಾಗಿ ಫ್ಯಾಂಟಸಿ ಬರೆಯಲು ಕೂತವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಮಾಂತ್ರಿಕ ನಗರ ಇದೆ, ಕ್ರೂರ ದೊರೆ ಇದ್ದಾನೆ, ಐದು ಜನ ಮಕ್ಕಳಿದ್ದಾರೆ. ಸೈನ್ಯ, ಸೆರೆಮನೆ, ಮಾಯೆ ಎಲ್ಲ ಅವನ ಕೈಯಲ್ಲಿ. ಈ ಪುಟಾಣಿಗಳು ಗೆದ್ದರು ಅಂದರೆ ಯಾರು ನಂಬುತ್ತಾರೆ? ಊರಿನ ದೊಡ್ಡವರೆಲ್ಲ ಎಲ್ಲಿ ಹೋದರು?"

ನನ್ನ ಉತ್ತರ: ಮಕ್ಕಳಿಗೆ ವಿಶೇಷ ಶಕ್ತಿ ಕೊಡುವ ಮೊದಲು ಒಂದು ಕೆಲಸ ಕೊಡಿ. ದೊರೆಯ ಆಳ್ವಿಕೆ ನಡೆಯಬೇಕಾದರೆ ದಿನಾ ಆಗಲೇಬೇಕಾದ, ಮಕ್ಕಳೇ ಮಾಡುವ, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಕೆಲಸ. ಅದು ಸಿಕ್ಕಿದ ದಿನ ಅರ್ಧ ಕಥೆ ಸಿಕ್ಕಿದ ಹಾಗೆ.

ಇದು ಕಲ್ಪನೆಯ ಮಾತಲ್ಲ. 1938ರ ಅಕ್ಟೋಬರ್‌ನಲ್ಲಿ ಒಡಿಶಾದ ಢೆಂಕಾನಾಲ್ ಸಂಸ್ಥಾನದಲ್ಲಿ, ಬ್ರಾಹ್ಮಣಿ ನದಿಯ ಕಡವಿನಲ್ಲಿ ದೋಣಿ ಕಾಯುತ್ತಿದ್ದ ಹನ್ನೆರಡು ವರ್ಷದ ಬಾಜಿ ರಾವುತ್ ಪೊಲೀಸರನ್ನು ದಾಟಿಸಲು ಒಪ್ಪಲಿಲ್ಲ. ಅವನನ್ನು ಕೊಂದರು. ಬಂದೂಕು ಹಿಡಿದವರಿಗೂ ಆ ಹೊತ್ತಿಗೆ ನದಿ ದಾಟಲು ಆ ಹುಡುಗನ ದೋಣಿಯೇ ಬೇಕಾಗಿತ್ತು ಅನ್ನುವುದನ್ನು ಗಮನಿಸಿ. 1899ರ ಜುಲೈನಲ್ಲಿ ನ್ಯೂಯಾರ್ಕ್‌ನ ಪೇಪರ್ ಮಾರುವ ಹುಡುಗರು ಪುಲಿಟ್ಜರ್ ಮತ್ತು ಹರ್ಸ್ಟ್ ಎಂಬ ದೊಡ್ಡ ಮಾಲೀಕರ ಪತ್ರಿಕೆಗಳನ್ನು ಮಾರುವುದಿಲ್ಲ ಅಂತ ಕೂತರು. ಹುಡುಗರು ಕೊಳ್ಳುವ ನೂರು ಪ್ರತಿಗೆ 50 ಸೆಂಟ್ ಇದ್ದದ್ದನ್ನು ಹಿಂದಿನ ವರ್ಷ ಸ್ಪೇನ್ ಜೊತೆ ನಡೆದ ಯುದ್ಧದ ಕಾಲದಲ್ಲಿ 60ಕ್ಕೆ ಏರಿಸಿ, ಯುದ್ಧ ಮುಗಿದ ಮೇಲೂ ಇಳಿಸಿರಲಿಲ್ಲ. ಸುಮಾರು ಎರಡು ವಾರ ಮುಷ್ಕರ ನಡೆಯಿತು. ಬೆಲೆ ಇಳಿಯಲಿಲ್ಲ, ಆದರೆ ಮಾರಾಟವಾಗದೆ ಉಳಿದ ಪ್ರತಿಗಳನ್ನು ವಾಪಸ್ ತೆಗೆದುಕೊಳ್ಳಲು ಮಾಲೀಕರು ಒಪ್ಪಿದರು. ಇಂಥ ಅರೆಗೆಲುವು ಕಥೆಗೆ ಚಿನ್ನದಂಥದ್ದು.

ಒಂದು ನಗರ ಕಟ್ಟಿ ನೋಡೋಣ. ದೊರೆಯ ದನಿಯೇ ಅವನ ಮಾಯೆ. ಅರಮನೆಯಿಂದ ನೆಲದಡಿಯಲ್ಲಿ ಹದಿನಾಲ್ಕು ತಾಮ್ರದ ಕೊಳವೆಗಳು ಎಲ್ಲ ಕೇರಿಗಳಿಗೂ ಹೋಗಿವೆ. ಸಂಜೆ ಅವನು ಮಾತಾಡಿದಾಗ ಕೇಳಿಸಿಕೊಂಡವರ ಮೊಣಕಾಲು ತಾನಾಗಿಯೇ ಬಗ್ಗುತ್ತದೆ. ಮಾತು ಹಾದುಹೋದಲ್ಲೆಲ್ಲ ಕೊಳವೆಯೊಳಗೆ ಕಪ್ಪು ಜಿಗುಟು ಕೂರುತ್ತದೆ. ದಿನಾ ಕೆರೆಯದಿದ್ದರೆ ದನಿ ಕಟ್ಟಿಕೊಳ್ಳುತ್ತದೆ. ಕೊಳವೆಯ ಅಗಲ ಒಂದಡಿಗಿಂತ ಸ್ವಲ್ಪ ಹೆಚ್ಚು. ಎಂಟರಿಂದ ಹನ್ನೊಂದು ವರ್ಷದವರು ಮಾತ್ರ ಒಳಗೆ ಹೋಗಬಲ್ಲರು. ಅಂಥವರು ಅರವತ್ತೆರಡು ಜನ.

ಒಳಗಿನ ಅನುಭವ ಬರೆಯುವಾಗ ನಿಜವಾದ ಕಸುಬು ನೋಡಿ. ಬ್ರಿಟನ್ನಿನಲ್ಲಿ ಹುಡುಗರನ್ನು ಚಿಮಣಿಯೊಳಗೆ ಹತ್ತಿಸಿ ಮಸಿ ಗುಡಿಸುವ ಪದ್ಧತಿ 1875ರ ಕಾಯ್ದೆ ಬರುವವರೆಗೂ ನಿಂತಿರಲಿಲ್ಲ. ಎಷ್ಟೋ ಚಿಮಣಿಗಳ ಒಳಗಿನ ಅಳತೆ 14 ಅಂಗುಲಕ್ಕೆ 9 ಅಂಗುಲ. ಒಂದು ಕೈ ಮೇಲೆತ್ತಿ, ಇನ್ನೊಂದನ್ನು ಮೈಗೆ ಒತ್ತಿ, ಮೊಣಕಾಲಿನಿಂದ ತಳ್ಳಿಕೊಂಡು ಏರಬೇಕು. ಜಾರಿದರೆ ಮೊಣಕಾಲು ಗದ್ದಕ್ಕೆ ಬಂದು ಸಿಕ್ಕಿಕೊಳ್ಳುತ್ತದೆ. ಆಮೇಲೆ ಅಲುಗಾಡಿದಷ್ಟೂ ಬಿಗಿ. ಚರ್ಮ ಗಟ್ಟಿಯಾಗಲಿ ಅಂತ ಮೊಣಕೈ ಮೊಣಕಾಲಿಗೆ ಉಪ್ಪುನೀರು ತಿಕ್ಕಿ ಬೆಂಕಿಯ ಮುಂದೆ ನಿಲ್ಲಿಸುತ್ತಿದ್ದರು. ನಿಮ್ಮ ನಾಯಕಿ ತುಂಬೆಯ ಮೊಣಕೈಯಲ್ಲಿ ಆ ಒರಟು ಚರ್ಮ ಕಾಣಲಿ. ದೊರೆ ಕೆಟ್ಟವನು ಅಂತ ಮತ್ತೆ ಬಾಯಲ್ಲಿ ಹೇಳಬೇಕಾಗಿಲ್ಲ.

ಈಗ ದಾರಿ ತಾನಾಗಿ ತೆರೆಯುತ್ತದೆ. ಕೊಳವೆಗಳ ನಕ್ಷೆ ಮಕ್ಕಳಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ. ಅವರು ಕೆರೆಯುವ ಹಾಗೆ ನಟಿಸಿ ಸುಮ್ಮನೆ ಹೊರಬಂದರೆ ಮೂರನೇ ದಿನ ದನಿ ಗೊರಗುಟ್ಟುತ್ತದೆ, ಆರನೇ ದಿನ ದೂರದ ಕೇರಿಗಳಿಗೆ ಕೇಳಿಸುವುದೇ ಇಲ್ಲ, ಅಲ್ಲಿನ ಜನ ವರ್ಷಗಳ ನಂತರ ಸಂಜೆ ಹೊತ್ತು ನೆಟ್ಟಗೆ ನಿಂತಿರುತ್ತಾರೆ. ಈ ದಿನಗಳ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಕಥೆಯ ಓಟ ಹುಟ್ಟುವುದು ಇಲ್ಲಿಂದಲೇ. ಲೆಕ್ಕ ತಪ್ಪಿದರೆ ಹತ್ತು ವರ್ಷದ ಓದುಗರು ಮೊದಲು ಹಿಡಿಯುತ್ತಾರೆ.

ಹೆಚ್ಚಿನ ಹಸ್ತಪ್ರತಿಗಳು ಕೆಡುವುದು ಇದರ ಮುಂದಿನ ಹಂತದಲ್ಲಿ. ದೊರೆಯನ್ನೂ ಕಾವಲುಗಾರರನ್ನೂ ದಡ್ಡರನ್ನಾಗಿ ಮಾಡಿಬಿಡುತ್ತಾರೆ. ಹಾಗೆ ಮಾಡಬೇಡಿ, ಮಕ್ಕಳ ಜಾಣತನ ಅಲ್ಲಿಗೆ ಸತ್ತುಹೋಗುತ್ತದೆ. ದನಿ ಕಟ್ಟುತ್ತಿದೆ ಅಂತ ಎರಡನೇ ದಿನವೇ ದೊರೆಗೆ ಅನುಮಾನ ಬರಬೇಕು. ಅವನು ಏನು ಮಾಡಬಲ್ಲ? ಇನ್ನೂ ಚಿಕ್ಕವರನ್ನು, ಆರು ವರ್ಷದವರನ್ನು, ಕೊಳವೆಗೆ ಇಳಿಸಬಲ್ಲ. ಒಂದು ಮಗುವಿಗೆ ಬೆಚ್ಚಗಿನ ಕೋಣೆ, ಹೊಟ್ಟೆ ತುಂಬ ಊಟ ಕೊಟ್ಟು ಉಳಿದವರ ಹೆಸರು ಕೇಳಬಲ್ಲ. ಅಪ್ಪ ಅಮ್ಮನನ್ನು ಹಿಡಿಸಬಲ್ಲ. ಮೂರರಲ್ಲಿ ಎರಡಾದರೂ ನಡೆಯಲಿ. ಹೆಸರು ಹೇಳಿದ ಮಗುವನ್ನು ದ್ರೋಹಿ ಅಂತ ತಳ್ಳಬೇಡಿ. ಹಸಿದ ಎಂಟು ವರ್ಷದ ಕೂಸು ಅದು. ಅದನ್ನು ಗುಂಪು ಹೇಗೆ ಮತ್ತೆ ಒಳಗೆ ಕರೆದುಕೊಳ್ಳುತ್ತದೆ ಅನ್ನುವ ಅಧ್ಯಾಯ ಕೊನೆಯ ಕಾಳಗಕ್ಕಿಂತ ದೊಡ್ಡದು ಅಂತ ನಾನು ನಂಬಿದ್ದೇನೆ.

ಗುಟ್ಟಿನ ವಿಷಯದಲ್ಲೂ ಹುಷಾರು. ಅರವತ್ತೆರಡು ಮಕ್ಕಳ ಬಾಯಲ್ಲಿ ಗುಟ್ಟು ಒಂದು ರಾತ್ರಿಯೂ ನಿಲ್ಲುವುದಿಲ್ಲ. ಮೂರು ಮೂರು ಜನರ ಗುಂಪು ಮಾಡಿ, ಒಂದು ಗುಂಪಿನವರಿಗೆ ಪಕ್ಕದ ಗುಂಪಿನ ಒಬ್ಬರ ಗುರುತು ಮಾತ್ರ ಇರಲಿ. ಓದುಗರು ನೆನಪಿಟ್ಟುಕೊಳ್ಳುವ ಹೆಸರುಗಳು ನಾಲ್ಕೈದು ಸಾಕು, ಉಳಿದವರು ಕೇರಿಯ ಹೆಸರಿನಿಂದ ಬರಲಿ. ಮಕ್ಕಳಿಗೆ ನಿದ್ದೆ ಬರುತ್ತದೆ, ಉಚ್ಚೆ ಬರುತ್ತದೆ, ಕತ್ತಲಲ್ಲಿ ಅಳು ಬರುತ್ತದೆ. ರಾತ್ರಿಯ ಯೋಜನೆಯಲ್ಲಿ ಇವೆಲ್ಲಕ್ಕೂ ಜಾಗ ಇಡಿ.

ಮಕ್ಕಳ ಕಡೆಯೂ ಒಂದಿಷ್ಟು ಮಾಯೆ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಕೊನೆಯಲ್ಲಿ ಕೆಲಸಕ್ಕೆ ಬರುವ ಮಾಯೆಯನ್ನು ಅದಕ್ಕೂ ಮೊದಲು ಎರಡು ಸಲ ತೋರಿಸಿರಬೇಕು, ಒಂದು ಸಲ ಅದು ಕೈಕೊಟ್ಟಿರಬೇಕು. ಬೆಲೆಯೂ ಬೇಕು. ಕೊಳವೆಯೊಳಗೆ ಪಿಸುಗುಟ್ಟಿದರೆ ಮಾತು ಬೇಕಾದವರಿಗೆ ತಲುಪುತ್ತದೆ ಅಂತಿಟ್ಟುಕೊಳ್ಳಿ, ಹಾಗೆ ಪಿಸುಗುಟ್ಟಿದವರ ದನಿ ಮರುದಿನ ಪೂರ್ತಿ ಹೋಗಿರಲಿ. ಮೂಕಾದ ಮಗುವನ್ನು ಕಾವಲುಗಾರ ಗುರುತು ಹಿಡಿಯಬಲ್ಲ. ಸಹಾಯವೂ ಅದೇ, ಅಪಾಯವೂ ಅದೇ. "ಆರಿಸಲ್ಪಟ್ಟ ಮಗು" ಮತ್ತು ಭವಿಷ್ಯವಾಣಿಯನ್ನು ಮಾತ್ರ ದಯವಿಟ್ಟು ಕೈಬಿಡಿ. ಒಬ್ಬಳ ಹಣೆಯಲ್ಲಿ ಗೆಲುವು ಬರೆದಿದ್ದರೆ ಉಳಿದ ಅರವತ್ತೊಂದು ಮಕ್ಕಳ ಧೈರ್ಯಕ್ಕೆ ಬೆಲೆ ಎಲ್ಲಿದೆ?

ದೊಡ್ಡವರು ಎಲ್ಲಿ ಅನ್ನುವ ಪ್ರಶ್ನೆಗೆ ಅಮೆರಿಕದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಉತ್ತರ ಇದೆ. ವರ್ಣಭೇದದ ವಿರುದ್ಧ ಮೆರವಣಿಗೆಗೆ ಇಳಿದರೆ ಅಪ್ಪಅಮ್ಮಂದಿರ ಕೆಲಸ ಹೋಗುತ್ತಿತ್ತು, ಮನೆ ನಡೆಯುತ್ತಿರಲಿಲ್ಲ. ಮಕ್ಕಳಿಗೆ ಕಳೆದುಕೊಳ್ಳಲು ನೌಕರಿ ಇರಲಿಲ್ಲ. ಅಹಿಂಸೆಯ ತರಬೇತಿ ಪಡೆದ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು 1963ರ ಮೇ 2ರಂದು 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಿಂದ ಹಾಡುತ್ತಾ ಹೊರಟರು. ನೂರಾರು ಮಕ್ಕಳನ್ನು ಬಂಧಿಸಿದರು, ಜೈಲು ತುಂಬಿತು. ಮರುದಿನ ಪೊಲೀಸ್ ನಾಯಿಗಳನ್ನು ಛೂಬಿಟ್ಟರು, ಬೆಂಕಿ ನಂದಿಸುವ ಪೈಪಿನಿಂದ ನೀರು ಹೊಡೆದರು. ಆ ಚಿತ್ರಗಳನ್ನು ಜಗತ್ತೇ ನೋಡಿತು. ಮೇ 10ಕ್ಕೆ ಒಪ್ಪಂದವಾಯಿತು.

ನಿಮ್ಮ ನಗರದ ದೊಡ್ಡವರಿಗೂ ಇಷ್ಟೇ ಖಚಿತವಾದ ಕಾರಣ ಬೇಕು. ಅನಾಥ ಮಕ್ಕಳನ್ನೇ ನಾಯಕರನ್ನಾಗಿ ಮಾಡಿ ಈ ತೊಡಕಿನಿಂದ ಜಾರಿಕೊಳ್ಳುವುದು ಸುಲಭ. ಅಮ್ಮ ಇದ್ದೂ, ಮಗಳು ಎಲ್ಲಿಗೆ ಹೊರಟಿದ್ದಾಳೆ ಅಂತ ತಿಳಿದೂ, ತಡೆಯಲೂ ಆಗದೆ ಕಳಿಸಲೂ ಆಗದೆ ಬಾಗಿಲಲ್ಲಿ ನಿಂತರೆ ಕಥೆ ಎಷ್ಟೋ ಆಳಕ್ಕೆ ಇಳಿಯುತ್ತದೆ. ಮಕ್ಕಳು ಶುರು ಮಾಡಿದ್ದಕ್ಕೆ ಕೊನೆಗೆ ದೊಡ್ಡವರೂ ಹೆಗಲು ಕೊಡಲಿ. ಆರನೇ ದಿನ ನೆಟ್ಟಗೆ ನಿಂತವರು ಅರಮನೆಯತ್ತ ನಡೆಯದಿದ್ದರೆ, ಕಟ್ಟಿಹೋದ ಕೊಳವೆಗಳನ್ನು ದೊರೆ ಹೇಗೋ ಬಿಡಿಸಿಕೊಳ್ಳುತ್ತಾನೆ.

ಮುಕ್ತಾಯದಲ್ಲಿ ಅವಸರ ಮಾಡಬೇಡಿ. ಬರ್ಮಿಂಗ್‌ಹ್ಯಾಮ್‌ನ ಅದೇ ಚರ್ಚಿನಲ್ಲಿ ಅದೇ ವರ್ಷ ಸೆಪ್ಟೆಂಬರ್ 15ರಂದು ಬಾಂಬ್ ಸಿಡಿಸಿ ನಾಲ್ವರು ಹುಡುಗಿಯರನ್ನು ಕೊಂದರು. ಹತ್ತು ವರ್ಷದವರಿಗೆ ಬರೆಯುವಾಗ ಸಾವನ್ನು ಪುಟದ ಮೇಲೆ ಬಿಡಿಸಿ ತೋರಿಸಬೇಕಾಗಿಲ್ಲ. ವಾಪಸ್ ಬಾರದ ಮಗುವಿನ ಕೆರೆಯುವ ಉಳಿ ಗೋಡೆಯ ಮೊಳೆಯಲ್ಲಿ ಹಾಗೇ ನೇತಾಡುತ್ತಿದ್ದರೆ ಸಾಕು. ಆದರೆ ಯಾರಿಗೂ ಏನೂ ಆಗಲಿಲ್ಲ ಅಂತ ಸುಳ್ಳು ಹೇಳಬಾರದು.

ದೊರೆ ಹೋದ ಮೇಲೂ ಹದಿನಾಲ್ಕು ಕೊಳವೆಗಳು ನೆಲದಡಿ ಹಾಗೇ ಇರುತ್ತವಲ್ಲ, ಅವನ್ನು ಏನು ಮಾಡುತ್ತಾರೆ? ಸದ್ಯಕ್ಕೆ ಇರಲಿ, ಒಳ್ಳೆಯದಕ್ಕೆ ಬಳಸೋಣ ಅನ್ನುವ ಹಿರಿಯರೊಬ್ಬರು ಸಭೆಯಲ್ಲಿ ಖಂಡಿತ ಎದ್ದು ನಿಲ್ಲುತ್ತಾರೆ. ತುಂಬೆಗೆ ಆಗ ಹನ್ನೆರಡು ತುಂಬಿರುತ್ತದೆ, ಭುಜ ಅಗಲವಾಗಿರುತ್ತದೆ, ಕೊಳವೆಯೊಳಗೆ ಅವಳು ಇನ್ನು ಹಿಡಿಸುವುದಿಲ್ಲ. ಆ ಸಭೆಯಲ್ಲಿ ಅವಳಿಗೆ ಕೂರಲು ಒಂದು ಜಾಗ, ಮಾತಾಡಲು ಒಂದು ಸರದಿ ಕೊಟ್ಟು ಕೊನೆಯ ಅಧ್ಯಾಯ ಬರೆಯಿರಿ.